ಅವ್ವನ ಎಡೆಗೆ ಆರಿಸಿದ ಶೇಂಗಾ

ಬನಶಂಕರಿ ಅವ್ವನನ್ನು ನಂಬಿದ ಅಕ್ಕ-ತಂಗಿಯರೇ, ಅಣ್ಣ-ತಮ್ಮಂದಿರೇ, ಕಳೆದ ವರ್ಷ ದೀಪಾವಳಿ ಹೊತ್ತಿಗೆ ನನ್ನ ಯಜಮಾನರ ಕಣ್ಣುಗಳು ಅರಿಶಿನದ ಹಾಗೆ ಹಳದಿಯಾದವು. ಪೀಣ್ಯದ ಲೇತ್ ಶಾಪಿನಲ್ಲಿ ದಿನವಿಡೀ ನಿಂತು ದುಡಿಯುವ ಮನುಷ್ಯ, ಬಾಗಲಗುಂಟೆಯ ನಮ್ಮ ಬಾಡಿಗೆ ಕೋಣೆಯ ಮೆಟ್ಟಿಲು ಹತ್ತಲಾರದೆ ಕುಳಿತುಬಿಟ್ಟರು. ಲಿವರ್ ಕೆಟ್ಟಿದೆ ಎಂದರು ಆಸ್ಪತ್ರೆಯಲ್ಲಿ. ಎಷ್ಟು ಕುಡೀತಾರೆ ಎಂಬುದೇ ಎಲ್ಲರ ಪ್ರಶ್ನೆ. ಚಹಾ ಬಿಟ್ಟು ಬೇರೇನೂ ಕುಡಿಯುವುದಿಲ್ಲ ಎಂದರೆ ನಗುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಸೋಂಕೂ ಇಲ್ಲವೆಂದು ರಕ್ತಪರೀಕ್ಷೆ ಹೇಳಿತು. ಆಸ್ಪತ್ರೆಯಲ್ಲಿದ್ದಾಗ ಸುಧಾರಿಸುವರು, ಮನೆಗೆ ಬಂದರೆ ಮತ್ತೆ ಹಳದಿ.

ಮೂರನೇ ಸಲ ಸೇರಿಸಿದಾಗ ನಾನು ಸೋತೆ. "ಅವ್ವಾ, ಇವರನ್ನ ಉಳಿಸಿಕೊಡು. ಶುಕ್ರವಾರ ನಿನಗ ಶೇಂಗಾ ಹೋಳಿಗಿ ಎಡಿ ಹಿಡಿತೀನಿ" ಎಂದು ಹರಕೆ ಹೊತ್ತೆ. ಎಡೆಗೆ ಕೆಟ್ಟ ಕಾಳು ಒಂದೂ ಬೀಳಬಾರದು. ಊರಿಂದ ತಂದ ಶೇಂಗಾ ಚೀಲ ಮಳೆಗಾಲದಲ್ಲಿ ನೆನೆದಿತ್ತು, ಒಣಗಿಸಿ ಇಟ್ಟಿದ್ದೆ. ಅದರಲ್ಲೊಂದಿಷ್ಟು ಕೈಚೀಲಕ್ಕೆ ಸುರಿದುಕೊಂಡು ಎಂಟನೇ ಮೈಲಿ ಸ್ಟಾಪಿನಲ್ಲಿ ಆಸ್ಪತ್ರೆಯ ಬಸ್ ಹತ್ತಿದೆ. ವಾರ್ಡಿನ ಬೆಂಚಿನ ಮೇಲೆ ಸೆರಗು ಹಾಸಿ ಆರಿಸುತ್ತ ಕುಳಿತೆ.

ನೋಡಲು ಬಂದ ಡಾಕ್ಟರಮ್ಮ ನಿಂತರು. "ಯಾಕಮ್ಮಾ ಎರಡು ಗುಡ್ಡೆ?"

"ಚಲೋವು ಅವ್ವನ ಎಡಿಗೆ ರೀ. ಈ ಕರಿಯವು ಮನಿಗೆ."

"ಮನೇಲೇನು ಮಾಡ್ತೀರಾ?"

"ಚಟ್ನಿ ಕುಟ್ಟತೀನ್ರಿ. ಇವರಿಗೆ ಅದಿಲ್ಲದ ರೊಟ್ಟಿ ಇಳಿಯಂಗಿಲ್ಲ. ನನಗ ಶೇಂಗಾ ಪಿತ್ತ, ನಾ ಮುಟ್ಟಂಗಿಲ್ಲ."

ಅವರು ಒಂದು ಕಾಳು ಒಡೆದರು. ಒಳಗೆ ಹಸಿರು ಬೂಷ್ಟು. "ಈ ಬೂಷ್ಟಲ್ಲಿ ವಿಷ ಇರುತ್ತಮ್ಮಾ. ತೊಳೆದ್ರೂ ಹುರಿದ್ರೂ ಪೂರ್ತಿ ಹೋಗಲ್ಲ, ಲಿವರಿಗೇ ಹೊಡೆತ. ಇದೇ ಕಾರಣ ಅಂತ ಈಗ್ಲೇ ಹೇಳಕ್ಕಾಗಲ್ಲ. ಆದ್ರೆ ಇವತ್ತಿಂದ ಬೇಡ."

ಚೀಲ, ಚಟ್ನಿ ಡಬ್ಬಿ ಎಲ್ಲ ಎಸೆದೆ. ಔಷಧಿ ಮುಂದುವರಿಯಿತು. ಈ ಸಲ ಮನೆಗೆ ಬಂದ ಮೇಲೆ ಹಳದಿ ಮರಳಲಿಲ್ಲ. ಕೆಲವು ತಿಂಗಳ ಮೇಲೆ ರಿಪೋರ್ಟ್ ನೋಡಿದ ಡಾಕ್ಟರಮ್ಮನಿಗೇ ಖುಷಿಯಾಯಿತು.

ನಾನು ಬೇಡಿದ್ದು ಉಳಿಸು ಎಂದಷ್ಟೇ. ಅವ್ವ ನನ್ನ ಹರಕೆಯನ್ನೇ ಹಿಡಿದು, ನನ್ನ ಕೈಯಿಂದಲೇ ವಿಷ ಬೇರೆ ಮಾಡಿಸಿ ಡಾಕ್ಟರ ಕಣ್ಣೆದುರು ಇಡಿಸಿದಳು. ನೆನೆದರೆ ಈಗಲೂ ಮೈ ಜುಂ ಎನ್ನುತ್ತದೆ. ಅವಳಿಗೆ ಎಷ್ಟು ಕೈ ಮುಗಿದರೂ ಸಾಲದು.

ಅವರು ಮನೆಗೆ ಬಂದ ಮೇಲೆ ಒಂದು ಶುಕ್ರವಾರ ಹೊಸ ಶೇಂಗಾ ತಂದು ಹರಕೆ ತೀರಿಸಿದೆ. ಅಂದು ಯಜಮಾನರು, "ಇವು ಅವ್ವನ ಹೋಳಿಗಿ. ನಮ್ಮವು ಎಲ್ಲಿ ಅದಾವ?" ಎಂದು ಕೇಳಿದರು.

"ಈ ಮನ್ಯಾಗ ಇನ್ನ ಅವ್ವಗ ಬ್ಯಾರೆ, ನಿಮಗ ಬ್ಯಾರೆ ಇಲ್ಲ" ಎಂದು ಅವರ ತಟ್ಟೆಗೂ ಅದನ್ನೇ ಬಡಿಸಿದೆ.