ಮೆಣಸಿನ ಏಣಿ ಇಳಿದ ವರ್ಷ

ವಯನಾಡು ಆಗಷ್ಟೇ ಹೊಸ ಜಿಲ್ಲೆಯಾಗಿದ್ದ ದಿನಗಳು. ಪುಲ್ಪಳ್ಳಿಯ ಸುತ್ತ ಮೆಣಸಿನ ಬಳ್ಳಿ ಹಬ್ಬದ ಮರವೇ ಇರಲಿಲ್ಲ. ಕೊಯ್ಲು ಶುರುವಾದರೆ ನಮ್ಮ ಬಟ್ಟೆ, ಹಾಸಿಗೆ, ಶಾಲೆಯ ಪುಸ್ತಕಕ್ಕೂ ಹಸಿ ಮೆಣಸಿನ ಘಾಟು. ಗುಂಡ್ಲುಪೇಟೆ ಕಡೆಯಿಂದ ಬಂದು ನೆಲೆಸಿದವರು ನಾವು. ಮನೆಯೊಳಗೆ ಕನ್ನಡ, ಅಂಗಳ ದಾಟಿದರೆ ಮಲಯಾಳ.

ನನಗಾಗ ಹದಿಮೂರು, ಅಣ್ಣ ಶಿವುಗೆ ಹದಿನಾರು. ಎತ್ತರಕ್ಕೆ ಹೋದರೆ ಅವನಿಗೆ ತಲೆ ಸುತ್ತುತ್ತಿತ್ತು. ಅದು ಗೊತ್ತಿದ್ದುದು ನನಗೊಬ್ಬಳಿಗೇ. ಹಾಗಾಗಿ ರಜೆಯ ದಿನ ಒಂಟಿ ಬಿದಿರಿನ ಏಣಿ ಹತ್ತುವವಳು ನಾನು, ಬುಡ ಹಿಡಿದು ನಿಲ್ಲುವವನು ಅವನು. ಲಂಗ ಎತ್ತಿ ಕಟ್ಟಿ, ಸೊಂಟಕ್ಕೆ ಚೀಲ ಬಿಗಿದು, ಮೇಲಿನಿಂದ ಕಂಡದ್ದನ್ನೆಲ್ಲ ಅವನಿಗೆ ಹೇಳುತ್ತಾ ಗೊಂಚಲು ಬಿಡಿಸುತ್ತಿದ್ದೆ. ಮಧ್ಯಾಹ್ನ ಅವನು ಮೂರು ಕಲ್ಲಿಟ್ಟು ಮರಗೆಣಸು ಬೇಯಿಸಿ, ಸೂಜಿಮೆಣಸು ಉಪ್ಪು ಅರೆದು ಕೊಡುತ್ತಿದ್ದ. ಅವ್ವನ ಕೈರುಚಿಗಿಂತ ಅದೇ ನನಗೆ ಹೆಚ್ಚು ಇಷ್ಟ. ಕೆಲಸ ಮುಗಿದರೆ ಸಾಕೆಂದು ಅಪ್ಪ ಏನೂ ಕೇಳುತ್ತಿರಲಿಲ್ಲ.

ಒಂದು ಭಾನುವಾರ ರಸ್ತೆಯಲ್ಲಿ ಹೋಗುತ್ತಿದ್ದ ಅವನ ತರಗತಿಯ ಹುಡುಗರು ನಮ್ಮನ್ನು ನೋಡಿದರು. ಮರುದಿನ ಬಸ್ಸಿನಲ್ಲಿ ಅವನನ್ನು 'ಚೇಚಿ' ಎಂದು ಕರೆದರು. ಮಲಯಾಳದಲ್ಲಿ ಹಾಗೆಂದರೆ ಅಕ್ಕ. ಇಡೀ ಬಸ್ಸು ನಕ್ಕಿತು. ನನ್ನ ಪಕ್ಕದ ಗೆಳತಿಯರು ನಕ್ಕರು. ಅವರೊಂದಿಗೆ ನಾನೂ ನಕ್ಕೆ. ಅಣ್ಣ ನನ್ನನ್ನೊಮ್ಮೆ ನೋಡಿ ಕಿಟಕಿಯತ್ತ ಮುಖ ತಿರುಗಿಸಿದ.

ಆ ಸಂಜೆ ಊಟಕ್ಕೆ ಕೂತಾಗ ಅವನೇ ಅಪ್ಪನಿಗೆ ಹೇಳಿದ: ನಾಗು ದೊಡ್ಡವಳಾಗಿದ್ದಾಳೆ, ದಾರಿಗೆ ಕಾಣುವ ಹಾಗೆ ಮರ ಹತ್ತುವುದು ಸರಿಯಲ್ಲ. ಅದುವರೆಗೆ ತಪ್ಪು ಕಾಣದಿದ್ದ ಅಪ್ಪ ತಕ್ಷಣ ಹೌದೆಂದರು. ನಾನು ಅವ್ವನ ಮುಖ ನೋಡಿದೆ.

"ನಾನೂ ನಿನ್ನ ವಯಸ್ಸಿಗೇ ಬಿಟ್ಟೆ ಕಣವ್ವ," ಎಂದಳು ಬಡಿಸುತ್ತಾ. ಏನನ್ನು ಬಿಟ್ಟಳೆಂದು ನಾನು ಕೇಳಲಿಲ್ಲ.

ಮುಂದಿನ ರಜೆಗೆ ಅಣ್ಣ ಹತ್ತಿದ. ಬುಡ ಹಿಡಿದ ನನ್ನ ಕೈಗೆ ಅವನ ಕಾಲಿನ ನಡುಕ ಏಣಿಯಲ್ಲೇ ಇಳಿದು ಬರುತ್ತಿತ್ತು. ಅರ್ಧ ಚೀಲ ತುಂಬಿಸಿ ಇಳಿದವನು ಕಾಫಿ ಗಿಡಗಳ ಹಿಂದೆ ಹೋಗಿ ವಾಂತಿ ಮಾಡಿದ. ನೀರು ಕೊಡಲು ಹೋದರೆ ಕೈ ತಳ್ಳಿದ.

"ಯಾರಿಗಾದ್ರೂ ಹೇಳಿದ್ರೆ ನೋಡು."

"ನಾನೇ ಹತ್ತೀನಿ ಬಿಡಣ್ಣ. ಇವತ್ತು ದಾರೀಲಿ ಯಾರೂ ಇಲ್ಲ."

"ನೀನೂ ನಕ್ಕೆಯಲ್ಲ," ಎಂದ.

ಆ ವರ್ಷದ ಕೊಯ್ಲು ಮುಗಿಯುವವರೆಗೂ ಅವನೇ ಹತ್ತಿದ. ಮತ್ತೆಂದೂ ಒಲೆ ಹಚ್ಚಲಿಲ್ಲ. ಬೇಸಿಗೆಯ ಹೊತ್ತಿಗೆ ಅದೇ ಹುಡುಗರೊಂದಿಗೆ ಬೀಡಿ ಸೇದುತ್ತಾ, ದಾರಿಯಲ್ಲಿ ಹೋಗುವ ಹುಡುಗಿಯರನ್ನು ಕಿಚಾಯಿಸುತ್ತಾ ನಿಲ್ಲತೊಡಗಿದ. ನಾನು ತಲೆ ತಗ್ಗಿಸಿ ಅವರ ಮುಂದೆ ಹಾದುಹೋಗುವುದನ್ನು ಕಲಿತೆ.

ಈಗ ಆ ಬಳ್ಳಿಗಳೆಲ್ಲ ರೋಗ ಬಂದು ಸತ್ತಿವೆ. ಅಣ್ಣನೂ ನಾನೂ ಮದುವೆ, ತಿಥಿಗಳಲ್ಲಿ ಸಿಕ್ಕರೆ ಮಳೆಯ ಬಗ್ಗೆ ಎರಡು ಮಾತಾಡಿ ಏಳುತ್ತೇವೆ. ನನ್ನ ಮಗಳಿಗೆ ಹದಿನಾಲ್ಕಾಗಿದ್ದಾಗ ಶಾಲೆಯ ಫುಟ್‌ಬಾಲ್ ತಂಡಕ್ಕೆ ಆಯ್ಕೆಯಾಗಿ, ಒಪ್ಪಿಗೆಗೆ ಸಹಿ ಹಾಕಿಸಲು ಚೀಟಿ ತಂದಿದ್ದಳು. ಅವಳಪ್ಪ ಬಾಯಿ ತೆರೆಯುವ ಮೊದಲೇ ಬೇಡ ಎಂದವಳು ನಾನು. ಅವಳು ಅಳಲಿಲ್ಲ, ಯಾಕೆ ಎಂದೂ ಕೇಳಲಿಲ್ಲ. ಗೊತ್ತೇ ಇತ್ತು ಎಂಬಂತೆ ಚೀಟಿ ಮಡಿಸಿಕೊಂಡು ಒಳಗೆ ಹೋದಳು.