ಶಟರ್ ಎಳೆದು ಹೊರಟವಳು

ಆಕೆಯ ಬಲಗೈ ಹೆಬ್ಬೆರಳಿನಲ್ಲಿ ಗೆರೆಗಳೇ ಇರಲಿಲ್ಲ. ತಾಂಡೂರಿನಲ್ಲಿ ವರ್ಷಗಟ್ಟಲೆ ಹಾಸುಗಲ್ಲು ಉಜ್ಜಿ ಉಜ್ಜಿ ಬೆರಳು ಕಲ್ಲಿಗಿಂತ ನುಣ್ಣಗಾಗಿತ್ತು. ಆಮೇಲೆ ಜಹೀರಾಬಾದ್ ಬಸ್‌ಸ್ಟ್ಯಾಂಡ್ ಎದುರು, ಗಂಡನ ಹೆಸರಿನಲ್ಲಿ, ಸಿಮ್ಮು ರೀಚಾರ್ಜಿನ ಸಣ್ಣ ಅಂಗಡಿ ಇಟ್ಟಳು. ಸಿಮ್ಮು ಕೊಡಲು ಊರವರ ಹೆಬ್ಬೆಟ್ಟೆಲ್ಲ ಮಶೀನಿಗೆ ಒತ್ತಿಸುತ್ತಿದ್ದ ಆಕೆಯ ಬೆರಳನ್ನು ಮಾತ್ರ ಆ ಮಶೀನು ಒಮ್ಮೆಯೂ ಒಪ್ಪಲಿಲ್ಲ. “ಅದರ ಲೆಕ್ಕದಾಗ ನಾ ಇಲ್ಲೇ ಇಲ್ರಿ,” ಎಂದು ನಗುತ್ತಿದ್ದಳು. ನನಗಿಂತ ಚಿಕ್ಕವಳಾದರೂ ಎಲ್ಲರಂತೆ ನಾನೂ ರೀಚಾರ್ಜ್ ಅಕ್ಕ ಎನ್ನುತ್ತಿದ್ದೆ.

ನೆಟ್‌ವರ್ಕ್ ಹೋದರೆ ಜನ ಕಂಪನಿಗೆ ಬೈಯುವುದಿಲ್ಲ, ಕಣ್ಣೆದುರು ಸಿಕ್ಕವರಿಗೆ ಬೈಯುತ್ತಾರೆ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ. ಅಕ್ಕ ಎಲ್ಲ ಕೇಳಿಸಿಕೊಂಡು ಕಂಪನಿಯವರ ಬೆನ್ನು ಬೀಳುತ್ತಿದ್ದಳು. ರಿಪೇರಿಯಾದ ಮೂರನೆಯ ದಿನ, ಬೆಳಿಗ್ಗೆ ಹನ್ನೊಂದಕ್ಕೆ, ದೂರು ಕೊಟ್ಟವರಿಗೆಲ್ಲ ತಾನೇ ಫೋನ್ ಮಾಡಿ ಒಂದೇ ಮಾತು ಕೇಳುತ್ತಿದ್ದಳು: “ಆವಾಜ್ ಬರಲಾಕತ್ತದೇನ್ರಿ?” ಆ ಒಂದು ಕರೆಗಾಗಿ ಎಷ್ಟೋ ಜನ ಕಂಪನಿ ಬದಲಿಸದೆ ಉಳಿದರು.

ನಾನು ಬೈದದ್ದು ಉಳಿದವರಂತಲ್ಲ. ಕೊಹೀರಿನಾಚೆಯ ಹಳ್ಳಿಯಲ್ಲಿ ನನ್ನ ತಂಗಿ ತುಂಬು ಬಸುರಿ, ಗಂಡ ಊರಲ್ಲಿಲ್ಲ. ಅಕ್ಕ ಬದಲಿಸಿಕೊಟ್ಟ ಸಿಮ್ಮು ಚಾಲೂ ಆಗದೆ ತಂಗಿಯ ಫೋನು ಎರಡು ದಿನ ಸತ್ತಿತ್ತು. ತಪ್ಪು ಕಂಪನಿಯದು. ನಾನು ಮಾತ್ರ ಹತ್ತು ಜನರೆದುರು, ಕಲ್ಲು ಉಜ್ಜುವವಳಿಗೆ ಅಂಗಡಿ ಯಾಕೆ ಎಂದುಬಿಟ್ಟೆ. ಅಕ್ಕ ಶಟರ್ ಎಳೆದು ಬೀಗ ಹಾಕಿ ಕೊಹೀರಿನ ಬಸ್ಸು ಹತ್ತಿದಳು. ಎರಡು ತಾಸಿನ ಮೇಲೆ ಆಕೆಯ ನಂಬರಿನಿಂದ ನನಗೆ ಕರೆ ಬಂತು. “ಮಾತಾಡ್ರಿ ಅಣ್ಣಾ,” ಎಂದಳು, ಮರುಕ್ಷಣ ತಂಗಿಯ ದನಿ.

ಸಿಮ್ಮು ಸರಿಯಾದ ಮೂರನೆಯ ದಿನ ವಾಡಿಕೆಯ ಕರೆ ಬಂತು. “ಹಾಂ, ಬರ್ತದ,” ಎಂದು ಇಟ್ಟುಬಿಟ್ಟೆ. ತಪ್ಪಾಯಿತು ಎನ್ನಬೇಕಿತ್ತು, ಅನ್ನಲಿಲ್ಲ.

ಹೋದ ಮಳೆಗಾಲ ಕಾಮಾಲೆಯಾಗಿ ನಾಲ್ಕೇ ದಿನದಲ್ಲಿ ಅಕ್ಕ ತೀರಿಕೊಂಡಳು. ಗಂಡ ಅಂಗಡಿಗೆ ಬೀಗ ಹಾಕಿ ತಾಂಡೂರಿಗೆ ಹೋದ. ಆಕೆಯ ಫೋನು ಕೂಡ ಒಳಗೇ ಉಳಿದಿದೆಯಂತೆ.

ಈಚೆಗೆ ನನ್ನ ಫೋನು ಎರಡು ದಿನ ಮೂಕವಾಗಿ ಸರಿಹೋಯಿತು. ಸರಿಹೋದ ಮೂರನೆಯ ದಿನ ಬಸ್ಸಿಗೆಂದು ಆಕೆಯ ಅಂಗಡಿ ಮುಂದೆ ನಿಂತಿದ್ದೆ. ಹನ್ನೊಂದಕ್ಕೆ ಫೋನು ಬಂತು. ಪರದೆಯ ಮೇಲೆ ‘ರೀಚಾರ್ಜ್ ಅಕ್ಕ’. ಎತ್ತಿದೆ. ಮಾತಿಲ್ಲ. ಎದುರಿಗೆ ಬಸ್ಸೊಂದು ಹಾರನ್ ಹೊಡೆಯಿತು; ಅದೇ ಹಾರನ್ನು ಒಂದು ಕ್ಷಣ ತಡವಾಗಿ ಫೋನಿನೊಳಗಿನಿಂದ ಕೇಳಿಸಿತು. ಶಟರಿನ ಬೀಗ ತುಕ್ಕು ಹಿಡಿದು ನೇತಾಡುತ್ತಿತ್ತು. “ಬರ್ತದ,” ಎಂದಷ್ಟೇ ಹೇಳಿದೆ, ಈ ಸಲವೂ. ಕರೆ ಕಟ್ಟಾಯಿತು.

ಪಕ್ಕದ ಚಹಾದಂಗಡಿಯವನು ಲೋಟ ತೊಳೆಯುತ್ತಲೇ, ಏನೆಂದಿರಿ ಎಂದು ಕೇಳಿದ. ಹೇಳಿದೆ.

“ಚಲೋ ಆತು. ನನಗೂ ನಿನ್ನೆ ಆಕಿ ಫೋನು ಬಂದಿತ್ತು. ಆವಾಜ್ ಬರಲ್ಲ ಅಂದ್ರ ಶಟರ್ ಎಳಕೊಂಡು ಹೊಂಟೇ ಬರ್ತಾಳ್ರಿ ಆಕಿ.”

ಅವನು ನಗುತ್ತಿರಲಿಲ್ಲ.

ನನಗೆ ಹೆದರಿಕೆ ಇದೆ, ಸುಳ್ಳು ಹೇಳುವುದಿಲ್ಲ. ಆದರೆ ಇನ್ನೊಮ್ಮೆ ಆ ಕರೆ ಬಂದರೆ, ಆವಾಜ್ ಬರುತ್ತಿಲ್ಲ ಅಕ್ಕಾ ಎಂದೇ ಹೇಳುತ್ತೇನೆ. ಬರಲಿ. ತಪ್ಪಾಯಿತು ಎಂಬುದನ್ನು ಎದುರಿಗೇ ಹೇಳಬೇಕು.