ಹೊಸ ಟೈರು ಹಾಕಿಕೊಟ್ಟ ಮಾವ

ಬೀದಿಗೆಲ್ಲ ಅವರು ಟೈರ್ ಮಾವ. ಮೂವತ್ತು ವರ್ಷದಿಂದ ಪಂಕ್ಚರ್ ಹಾಕಿ ಹಾಕಿ, ಟೈರಿನ ಮೈ ಸವರಿಯೇ ಗಾಡಿ ಓಡಿಸುವವನ ಬುದ್ಧಿ ಹೇಳಬಲ್ಲವರು. ಅಳಿಯನ ದೊಡ್ಡ ಕಾರಿನ ಮುಂದಿನ ಟೈರು ಪಕ್ಕದಲ್ಲಿ ನಿಂಬೆಹಣ್ಣಿನ ಗಾತ್ರಕ್ಕೆ ಉಬ್ಬಿತ್ತು. ಎರಡೂವರೆ ಟನ್ನಿನ ಗಾಡಿ ಯಾವ ವೇಗದಲ್ಲಿ ಗುಂಡಿಗೆ ಬಿದ್ದಿತ್ತೆಂದು ಅವರು ಕೇಳಲಿಲ್ಲ, ಬೆರಳಿಗೇ ಗೊತ್ತಾಗಿತ್ತು. ಒಳಗೆ ಏಳು ತಿಂಗಳ ಬಸುರಿ ಮಗಳು ಕೂತಿದ್ದಳು.

"ಇದು ಒಡೆದ್ರೆ ಗಾಡಿ ಪಲ್ಟಿ ಹೊಡೆಯತ್ತೆ, ಅಳಿಯಂದ್ರೇ."

"ಏಳು ಏರ್‌ಬ್ಯಾಗ್ ಇದೆ ಮಾವ. ಇದೇನು ನಿಮ್ಮ ಡಕೋಟಾ ಸ್ಕೂಟರ್ ಅಂದ್ಕೊಂಡ್ರಾ?"

ಮಾವ ನಾಲ್ಕೂ ಚಕ್ರಕ್ಕೆ ಹೊಸ ಟೈರು ಹಾಕಿ, ನಟ್ಟುಗಳನ್ನು ಎರಡೆರಡು ಸಲ ಬಿಗಿ ಮಾಡಿದರು. ಅಳಿಯ ಚಕ್ರವನ್ನು ಒದ್ದು ನೋಡಿ ಹಿಗ್ಗಿದ.

"ಇನ್ನು ನೂರರವತ್ತಕ್ಕೆ ಹೋದ್ರೂ ಗಾಡಿ ಅಲ್ಲಾಡಲ್ಲ!"

ಜೀವ ಉಳಿಯಲೆಂದು ಹಾಕಿದ್ದು ಹುಚ್ಚಿಗೆ ಕುಮ್ಮಕ್ಕಾಯಿತು. ಮಾವ ಕಾರಿನ ಬಾಗಿಲು ತೆರೆದರು.

"ಇಳಿಯಮ್ಮ, ಬಸ್ಸಲ್ಲಿ ಹೋಗುವಿಯಂತೆ."

"ಎಲ್ಲರೆದುರು ಇವರ ಮರ್ಯಾದೆ ಕಳೀಬೇಡಪ್ಪಾ."

"ಮರ್ಯಾದೆ ಹಾಳಾಗಿ ಹೋಗ್ಲಿ. ನೀನು ಇಳಿ."

ಅವಳು ಇಳಿದಳು. ಅಳಿಯ ಮುಖ ಊದಿಸಿಕೊಂಡು, ಸಿಟ್ಟನ್ನೆಲ್ಲ ಆಕ್ಸಿಲರೇಟರಿನ ಮೇಲೆ ತೀರಿಸುತ್ತ ಹೊರಟ.

ಮಗಳ ಕೈ ಹಿಡಿದು ನಿಂತರೂ ಮಾವನ ಎದೆ ಹಗುರಾಗಲಿಲ್ಲ. ತಿರುವಿನಾಚೆ ಶಾಲೆ ಬಿಡುವ ಹೊತ್ತು. ಕಾರು ಆ ಕಡೆಗೇ ತಿರುಗಿತು. ತನ್ನ ಮಗಳನ್ನಷ್ಟೇ ಇಳಿಸಿಕೊಂಡೆ, ಕೀ ಕಿತ್ತುಕೊಳ್ಳಲಿಲ್ಲ ಎಂಬುದು ಅವರಿಗೆ ಆಗ ಹೊಳೆಯಿತು.